ಬೇಡ ಎಂದ ಬಾಯೇ ಬೇಕು ಎಂದಾಗ

ತಾಯಂದಿರೇ, ಅಣ್ಣತಮ್ಮಂದಿರೇ, ಹಿಂದೆ ಗೋಡೆಗೆ ಒರಗಿ ಕುಳಿತ ಹಿರಿಯರೇ, ಇವತ್ತು ವಿವೇಕದ ಮಾತು ನಡೆದಿದೆ. ವಿವೇಕ ಅಂದರೆ ಏನು? ದೊಡ್ಡ ದೊಡ್ಡ ಗ್ರಂಥ ಓದುವುದೇ? ಅಲ್ಲ. ಬೇಕಾದದ್ದಕ್ಕೆ ಬೇಕು ಅನ್ನುವುದು, ಬೇಡವಾದದ್ದಕ್ಕೆ ಬೇಡ ಅನ್ನುವುದು. ಕೇಳಲಿಕ್ಕೆ ಎಷ್ಟು ಸುಲಭ ನೋಡಿ! ಆದರೆ ಒಬ್ಬ ಶ್ರೀಮಂತನಿಗೆ ಈ ಎರಡು ಮಾತು ಕಲಿಯುವಷ್ಟರಲ್ಲಿ ಮೊಮ್ಮಗನ ಜೀವ ಬಾಯಿಗೆ ಬಂದಿತ್ತು. ಆ ಕಥೆ ಹೇಳುತ್ತೇನೆ. ಮೊಬೈಲು ಜೇಬಿಗೆ ಹಾಕಿ, ಮನಸ್ಸು ಇತ್ತ ಕೊಡಿ.

ನಮ್ಮ ಸೀಮೆಯದೇ ಒಂದು ಊರು. ಊರಿನ ಹೆಸರು ಬೇಡ. ಹೇಳಿದರೆ ನೀವು ನಾಳೆಯೇ ಹೋಗಿ ಅವರ ಮನೆಯ ಕದ ತಟ್ಟುವವರು! ಆ ಊರಿನಲ್ಲಿ ಗುರುಶಾಂತಪ್ಪ ಎಂಬ ಸಾಹುಕಾರನಿದ್ದ. ಶೇಂಗಾ ಎಣ್ಣೆಯ ಗಿರಣಿ, ಗಿರಣಿಯ ಹಿಂದೆ ಗೋದಾಮು, ಗೋದಾಮಿನ ಹಿಂದೆ ದೊಡ್ಡ ಮನೆ. ದಾನದಲ್ಲಿ ಎತ್ತಿದ ಕೈ. ಸುಳ್ಳು ಹೇಳಬಾರದು, ಕೊಡುವಾಗ ಅವನ ಕೈ ನಡುಗುತ್ತಿರಲಿಲ್ಲ. ಆದರೆ ಕೊಟ್ಟದ್ದರ ಮೇಲೆಲ್ಲ ಹೆಸರು ಬೇಕು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವನ ಹೆಸರು. ಕನ್ನಡ ಶಾಲೆಯ ಫ್ಯಾನಿನ ರೆಕ್ಕೆಯ ಮೇಲೂ ಅವನ ಹೆಸರು. ಫ್ಯಾನು ತಿರುಗುವಾಗ ಹೆಸರು ಓದಲು ಬರುವುದಿಲ್ಲವಲ್ಲ? ಅದಕ್ಕೆ ಯಾರಾದರೂ ದೊಡ್ಡವರು ಶಾಲೆಗೆ ಬಂದರೆ ಎಂಥ ಸೆಕೆಯಿದ್ದರೂ ಫ್ಯಾನು ನಿಲ್ಲಿಸಿಬಿಡುತ್ತಿದ್ದನಂತೆ!

ನಗಬೇಡಿ. ನಮ್ಮ ಎದೆಯೊಳಗೂ ಅಂಥದೊಂದು ಫ್ಯಾನು ಇರುತ್ತದೆ.

ಆ ಊರಿಗೊಂದು ಧರ್ಮಾರ್ಥ ಆಸ್ಪತ್ರೆ ಇತ್ತು. ಒಳ್ಳೆಯ ಆಸ್ಪತ್ರೆ, ಆದರೆ ಸಿಟಿ ಸ್ಕ್ಯಾನ್ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದವರನ್ನು, ಪಾರ್ಶ್ವವಾಯು ಹೊಡೆದವರನ್ನು ಸ್ಕ್ಯಾನಿಗೆಂದು ದೂರದ ಹುಬ್ಬಳ್ಳಿಗೆ ಒಯ್ಯಬೇಕು. ಒಯ್ಯುವ ದಾರಿಯಲ್ಲೇ ಕೆಲವರ ಉಸಿರು ನಿಂತದ್ದೂ ಉಂಟು. ಸಾಹುಕಾರನ ಗಿರಣಿಯ ಹಳೆಯ ಗುಮಾಸ್ತನೊಬ್ಬ ಹಾಗೇ ಹೋದ. ಆ ಹೆಣ ಊರಿಗೆ ತಿರುಗಿ ಬಂದ ದಿನ ಗುರುಶಾಂತಪ್ಪ ಊಟ ಮಾಡಲಿಲ್ಲ. ಮರುದಿನವೇ ಆಸ್ಪತ್ರೆಯ ಕಮಿಟಿಯವರನ್ನು ಕರೆಸಿ ಹೇಳಿದ:

“ಸ್ಕ್ಯಾನ್ ಮಷಿನ್ ತರಸ್ರಿ. ಎಲ್ಲಾ ನಂದ. ನಮ್ಮೂರಾಗ ಇನ್ನ ಮ್ಯಾಲ ಯಾರೂ ಹಂಗ ದಾರ್‍ಯಾಗ ಸಾಯಬಾರದು.”

ನೋಡಿ, ಎಂಥ ಮಾತು! ಇದು ದಾನ. ಇದರಲ್ಲಿ ಒಂದು ಹನಿ ಕಲಬೆರಕೆ ಇಲ್ಲ. ಕಲಬೆರಕೆ ಆದದ್ದು ಆಮೇಲೆ.

ಮಷಿನ್ ಬಂತು. ದೊಡ್ಡ ಬಳೆಯಂಥ ಬಿಳಿ ಯಂತ್ರ, ಅದರೊಳಗೆ ಸರಿದು ಹೋಗುವ ಒಂದು ಮಂಚ. ಅದನ್ನು ನೋಡಿಕೊಳ್ಳಲು ಶಾಹೀನ್ ನದಾಫ್ ಎಂಬ ಡಾಕ್ಟರಮ್ಮ ಬಂದರು. ಸ್ಕ್ಯಾನು, ಎಕ್ಸ್‌ರೇ ಓದುವುದರಲ್ಲೇ ಹೆಚ್ಚಿನ ಓದು ಓದಿದವರು. ಮಾತು ಕಡಿಮೆ, ಆಡಿದರೆ ನೇರ. ಉದ್ಘಾಟನೆಯ ದಿನ ಬಾಗಿಲಿಗೆ ಮಾವಿನ ತೋರಣ, ಬಾಳೆಗಿಡ. ಊರಿಗೆ ಊರೇ ಸೇರಿತ್ತು. ಕಾಯಿ ಒಡೆದದ್ದಾಯಿತು, ರಿಬ್ಬನ್ ಕತ್ತರಿಸಿದ್ದಾಯಿತು. ಸಾಹುಕಾರ ರೇಷ್ಮೆ ರುಮಾಲು ಸರಿಮಾಡಿಕೊಂಡು ಎದೆಯುಬ್ಬಿಸಿ ನಿಂತ.

“ಮೊದಲನೇ ಸ್ಕ್ಯಾನ್ ನಂದು,” ಅಂದ. “ತಲಿಯಿಂದ ಕಾಲತನಕ ಪೂರಾ ತಗೀರಿ. ಆಮ್ಯಾಲ ನಮ್ಮ ಮನಿ ಮಂದಿದು. ಕಡೀಕ ನನ್ನ ಮೊಮ್ಮಗ ಶರಣೂಂದು.”

ಡಾಕ್ಟರಮ್ಮ ಕೇಳಿದರು: “ನಿಮಗೇನ್ ತ್ರಾಸ ಐತ್ರಿ, ಸಾಹುಕಾರ್ರ?”

“ತ್ರಾಸ? ನನಗ? ಗುಂಡಕಲ್ಲ ಇದ್ದಂಗ ಅದೀನಿ!”

“ಹಂಗಾರ ಬ್ಯಾಡ್ರಿ.”

ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಈ ಊರಿನಲ್ಲಿ ಸಾಹುಕಾರನ ಮುಂದೆ ‘ಬ್ಯಾಡ’ ಎಂಬ ಶಬ್ದ ಕೇಳಿ ಎಷ್ಟು ವರ್ಷವಾಗಿತ್ತೋ! ಅವನಿಗೆ ತಾನು ಕೇಳಿದ್ದು ಸರಿಯೇ ಎಂಬ ಸಂಶಯ ಬಂತು. “ಏನಂದ್ರಿ?” ಅಂದ.

ಡಾಕ್ಟರಮ್ಮ ದನಿ ಏರಿಸಲಿಲ್ಲ. “ಇದು ಬರೇ ಫೋಟೋ ತಗಿಯೂ ಕ್ಯಾಮೆರಾ ಅಲ್ರಿ. ಇದರಾಗಿನ ಎಕ್ಸ್‌ರೇ ಕಿರಣ ಮೈಯೊಳಗ ಹಾದ್ ಹೋಗ್ತಾವ. ಎದಿದು ಒಂದ್ ಸಾದಾ ಎಕ್ಸ್‌ರೇಕಿಂತ ಇದರಾಗ ಎಷ್ಟೋ ಪಟ್ಟು ಜಾಸ್ತಿ. ರೋಗ ಹುಡುಕೂ ಹೊತ್ತಿನ್ಯಾಗ ಅದರಿಂದ ಆಗೂ ಉಪಕಾರ ದೊಡ್ಡದು, ಅಪಾಯ ಸಣ್ಣದು. ರೋಗನ ಇಲ್ಲಂದ್ರ? ಉಪಕಾರ ಏನೂ ಇಲ್ಲ, ಅಪಾಯ ಮಾತ್ರ ಹಂಗ ಉಳೀತೈತಿ. ಸಣ್ಣ ಹುಡುಗುರ ಮೈ ಬೆಳಿಯೂ ಮೈ. ಅದಕ್ಕ ಇನ್ನೂ ಜ್ವಾಕಿ ಬೇಕು.”

“ಮಷಿನ್ ಕೊಟ್ಟಾಂವ ನಾನ್ರಿ!”

“ಮಷಿನ್ ನೀವ್ ಕೊಟ್ರಿ, ನಿಮಗ ಪುಣ್ಯ ಬರಲಿ. ಆದ್ರ ಮೈ ನೀವ್ ಕೊಟ್ಟದ್ದಲ್ಲ. ಅದನ್ನ ಕೊಟ್ಟಾಂವ ಬ್ಯಾರೆ ಅದಾನ.”

ಆಹಾ! ಈ ಒಂದು ಮಾತಿಗೆ ಇಡೀ ದಿನದ ಪ್ರವಚನ ಸಾಕು. ಆದರೆ ಆ ಹೊತ್ತಿನಲ್ಲಿ ಸಾಹುಕಾರನ ಕಿವಿಗೆ ಅದು ಪ್ರವಚನವಾಗಿ ಕೇಳಲಿಲ್ಲ, ಕಪಾಳಕ್ಕೆ ಹೊಡೆದ ಹಾಗೆ ಕೇಳಿತು. ಮುಖ ಕೆಂಪಾಯಿತು. ಹಾಕಿದ ಹಾರ ತೆಗೆದು ಮೇಜಿನ ಮೇಲಿಟ್ಟು, ಪ್ರಸಾದವನ್ನೂ ತೆಗೆದುಕೊಳ್ಳದೆ ನಡೆದುಬಿಟ್ಟ. ಕಮಿಟಿಯವರು ಬೆವರು ಒರೆಸಿಕೊಳ್ಳುತ್ತ ಅವನ ಹಿಂದೆ ಓಡಿದರು. ಆಮೇಲೆ ಬಂದು ಡಾಕ್ಟರಮ್ಮನ ಹತ್ತಿರ, “ಸುಮ್ನ ಮಂಚದ ಮ್ಯಾಲ ಮಲಗಿಸಿ ಎಬ್ಬಿಸಿದ್ರ ಆಗ್ತಿತ್ತಲ್ರೀ” ಅಂದರು. “ಸುಳ್ಳ ಸ್ಕ್ಯಾನ್ ಮಾಡಂಗಿಲ್ಲ, ಸುಮ್ಮನ ಸ್ಕ್ಯಾನೂ ಮಾಡಂಗಿಲ್ಲ” ಅಂದರು ಅವರು. ಅಷ್ಟೇ.

ಈಗ ಕೇಳಿ, ಮುಖಭಂಗವಾದ ಮನುಷ್ಯ ಏನು ಮಾಡುತ್ತಾನೆ? ತಾನು ಕೇಳಿದ ಮಾತನ್ನೇ ತಿರುಚುತ್ತಾನೆ. ಗಿರಣಿಗೆ ಬಂದವರ ಮುಂದೆ, ಸಂತೆಯಲ್ಲಿ ಸಿಕ್ಕವರ ಮುಂದೆ ಸಾಹುಕಾರನದು ಒಂದೇ ರಾಗ:

“ನನಗೇನ್ ಗೊತ್ತಿತ್ತೋ ಮಾರಾಯಾ! ಆ ಡಾಕ್ಟರಮ್ಮನ ಹೇಳ್ಯಾಳ, ಅದ್ರಾಗ ಬರೋ ಎಕ್ಸ್‌ರೇ ಕಿರಣ ಎಲ್ಲಾ ವಿಷ ಅಂತ. ನಮ್ಮ ಮನಿ ಮಂದಿಯಂತೂ ಅದರ ಹೊಸ್ತಿಲ ತುಳಿಯಂಗಿಲ್ಲ.”

ವಿಷ ಎಂದು ಡಾಕ್ಟರಮ್ಮ ಹೇಳಿದ್ದರೇ? ಹೇಳಿರಲಿಲ್ಲ. ಬೇಕಿಲ್ಲದಾಗ ಬೇಡ ಎಂದಿದ್ದರು. ಅವರ ಮಾತಿನ ಅರ್ಧವನ್ನು ಇವನು ಕತ್ತರಿಸಿ ಬಿಸಾಡಿದ. ಉಳಿದರ್ಧ ಊರೆಲ್ಲ ಓಡಾಡಿತು. ದೊಡ್ಡವರ ಬಾಯಿಂದ ಬಂದ ಮಾತು, ಜನ ನಂಬಿದರು. ಗಿರಣಿಯ ಹಮಾಲನೊಬ್ಬ, ದುರ್ಗಪ್ಪ ಎಂಬುವನು, ತಿಂಗಳುಗಟ್ಟಲೆ ಕೆಮ್ಮಿ ಕೆಮ್ಮಿ ಸೊರಗಿದ್ದ. ಎದೆಯ ಎಕ್ಸ್‌ರೇ ತೆಗೆಸು ಎಂದು ಡಾಕ್ಟರು ಬರೆದುಕೊಟ್ಟರೆ, “ಸಾಹುಕಾರ್ರ ವಿಷ ಅಂದಾರ” ಎಂದು ಚೀಟಿ ಕಿಸೆಯಲ್ಲಿಟ್ಟುಕೊಂಡು ಮನೆಯಲ್ಲೇ ಕೆಮ್ಮುತ್ತ ಕುಳಿತ. ಒಬ್ಬನ ಸಿಟ್ಟು ಎಷ್ಟು ಜನರ ಎದೆಯೊಳಗೆ ಇಳಿಯಿತು ನೋಡಿ!

ಸಾಹುಕಾರನಿಗಾದರೂ ಸುಖವಿತ್ತೇ? ಇರಲಿಲ್ಲ. ಆಸ್ಪತ್ರೆಯ ಮುಂದೆ ಕಾರು ಹೋಗುವಾಗ ಅವನು ಮುಖ ಆಚೆ ತಿರುಗಿಸುತ್ತಿದ್ದ. ಬಾಗಿಲ ಮೇಲೆ ಅವನದೇ ಹೆಸರು, ದಪ್ಪ ಹಿತ್ತಾಳೆ ಅಕ್ಷರಗಳಲ್ಲಿ. ಜೀವನದಲ್ಲಿ ಮೊದಲ ಬಾರಿಗೆ ತನ್ನ ಹೆಸರು ಓದಲು ಅವನಿಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ, ಹೊತ್ತು ನೆತ್ತಿಗೇರುವ ಸಮಯ. ಗೋದಾಮಿನಲ್ಲಿ ಶೇಂಗಾ ಚೀಲಗಳನ್ನು ಛಾವಣಿಯವರೆಗೆ ಪೇರಿಸಿದ್ದರು. ಶರಣು, ಇನ್ನೂ ಶಾಲೆಗೆ ಸೇರದ ಚೂಟಿ ಕೂಸು, ಯಾರ ಕಣ್ಣಿಗೂ ಬೀಳದೆ ಚೀಲದ ಮೇಲೆ ಚೀಲ ಹತ್ತಿ ತುದಿಗೆ ಹೋಗಿ, “ಅಜ್ಜಾ, ನೋಡಿಲ್ಲೆ!” ಎಂದು ಕೂಗಿದ. ಗುರುಶಾಂತಪ್ಪ ತಲೆಯೆತ್ತಿ ನೋಡಿದ. ನೋಡುತ್ತಿದ್ದ ಹಾಗೆಯೇ ಮೇಲಿನ ಚೀಲ ಜಾರಿತು.

ಕೂಸು ಕಾಂಕ್ರೀಟ್ ನೆಲದ ಮೇಲೆ ತಲೆಕೆಳಗಾಗಿ ಬಿತ್ತು.

ಅಳಲಿಲ್ಲ. ಅದೇ ಭಯ, ತಾಯಂದಿರೇ. ಬಿದ್ದ ಮಗು ಅತ್ತರೆ ನಮಗೆ ಜೀವ ಬರುತ್ತದೆ, ಅಲ್ಲವೇ? ಶರಣು ಅಳಲಿಲ್ಲ. ಅಜ್ಜ ಎತ್ತಿಕೊಂಡಾಗ ಕಣ್ಣು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ, “ಅವ್ವ” ಅಂದ, ವಾಂತಿ ಮಾಡಿದ. ಕಾರಿನಲ್ಲಿ ಮತ್ತೆ ವಾಂತಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇನ್ನೊಮ್ಮೆ. ಆಮೇಲೆ ತೂಕಡಿಸತೊಡಗಿದ. ಕರೆದರೆ ಕಣ್ಣು ಬಿಡುತ್ತಾನೆ, ಬಿಟ್ಟ ಕಣ್ಣು ಮತ್ತೆ ಮುಚ್ಚುತ್ತಾನೆ. ತಾಯಿ ದಾನೇಶ್ವರಿ ಮಗನ ಅಂಗಾಲು ತಿಕ್ಕುತ್ತ, “ಶರಣೂ, ನಿದ್ದಿ ಮಾಡಬ್ಯಾಡೋ, ನನ್ನ ನೋಡೋ” ಎಂದು ಕರೆಯುತ್ತಲೇ ಇದ್ದಳು. ತಂದೆ ಮಾಲು ಮಾರಲು ದೂರದ ಮಾರ್ಕೆಟ್ಟಿಗೆ ಹೋಗಿದ್ದ, ಫೋನು ಹತ್ತಲಿಲ್ಲ.

ಶಾಹೀನ್ ಡಾಕ್ಟರಮ್ಮ ಓಡಿ ಬಂದರು. ಕೂಸಿನ ಕಣ್ಣಿಗೆ ಟಾರ್ಚು ಹಿಡಿದು ನೋಡಿದರು. ತಲೆ ಮುಟ್ಟಿದರು, ಕೈಕಾಲು ಅಲುಗಿಸಿದರು, ಹೆಸರು ಹಿಡಿದು ಕರೆದರು. ಎಷ್ಟು ಎತ್ತರದಿಂದ ಬಿದ್ದ, ಬಿದ್ದಾಗ ಎಚ್ಚರ ತಪ್ಪಿತ್ತೇ ಎಂದು ಕೇಳಿದರು. ಆಮೇಲೆ ಎದ್ದು ನಿಂತು ಒಂದೇ ಮಾತು ಹೇಳಿದರು:

“ತಲಿ ಸ್ಕ್ಯಾನ್ ಬೇಕು. ಈಗಿಂದೀಗ.”

ಗುರುಶಾಂತಪ್ಪನ ಒಳಗೆ ಎರಡು ಹಾವು ಹೆಡೆಯೆತ್ತಿದವು. ಒಂದು ಹೆದರಿಕೆ. ಸಣ್ಣ ಮಕ್ಕಳಿಗೆ ಕಿರಣ ಹೆಚ್ಚು ಅಪಾಯ ಎಂದು ಇದೇ ಹೆಣ್ಣುಮಗಳು ಅಂದು ಹೇಳಿದ್ದಳಲ್ಲ? ಇನ್ನೊಂದು, ಅದಕ್ಕಿಂತ ಕೆಟ್ಟದ್ದು, ಮಾನ. ನಮ್ಮ ಮನೆ ಮಂದಿ ಹೊಸ್ತಿಲು ತುಳಿಯುವುದಿಲ್ಲ ಎಂದು ಊರಿಗೆಲ್ಲ ಸಾರಿದ ಬಾಯಿಂದ ಈಗ ಹೂಂ ಅನ್ನುವುದು ಹೇಗೆ? ಗಿರಣಿಯ ಆಳುಗಳು, ಬೀಗರು, ನೆಂಟರು ಎಲ್ಲರೂ ಅಲ್ಲೇ ನಿಂತಿದ್ದಾರೆ. ಎಲ್ಲರ ಕಣ್ಣೂ ಅವನ ಮೇಲೆ.

“ಆಗಂಗಿಲ್ಲ,” ಅಂದ. “ಆವತ್ತ ನೀವ ಬ್ಯಾಡ ಅಂದ್ರಿ. ವಿಷ ನನ್ನ ಮೊಮ್ಮಗನ ತಲಿಗೆ ಬಿಡಾಕ ನಾ ಒಪ್ಪಂಗಿಲ್ಲ.”

“ಸಾಹುಕಾರ್ರ, ನಾ ವಿಷ ಅಂದಿಲ್ಲ.”

“ಆವತ್ತ ಒಂದ್ ಮಾತು, ಇವತ್ತ ಒಂದ್ ಮಾತು! ಯಾವ್ದು ಖರೇ ಅಂತ ತಿಳ್ಕೋಬೇಕು ನಾವು?”

“ಎರಡೂ ಖರೇ.” ಡಾಕ್ಟರಮ್ಮ ಅವನ ಕಣ್ಣಿಗೆ ಕಣ್ಣಿಟ್ಟು ಹೇಳಿದರು. “ಆವತ್ತ ಬ್ಯಾಡ ಅಂದಾಕಿನೂ ನಾನ, ಇವತ್ತ ಬೇಕು ಅನ್ನಾಕಿನೂ ನಾನ. ಆವತ್ತ ನಿಮ್ಮ ಮೈಯಾಗ ಹುಡುಕಾಕ ಏನೂ ಇದ್ದಿದ್ದಿಲ್ಲ. ಇವತ್ತ ಈ ಕೂಸಿನ ತಲಿಯೊಳಗ ರಕ್ತ ಸೋರಾಕ ಹತ್ತಿರಬಹುದು. ನೋಡದ ಹೋದ್ರ ಗೊತ್ತಾಗಂಗಿಲ್ಲ. ಗೊತ್ತಾಗೂ ಹೊತ್ತಿಗೆ ಹೊತ್ತು ಮೀರಿರತೈತಿ. ಕಿರಣದ ಅಪಾಯ ಐತಿ, ನಾ ಇಲ್ಲ ಅನ್ನಂಗಿಲ್ಲ. ಅದು ರವಾದಷ್ಟು. ಸುಮ್ನ ಕುಂತ್ರ ಆಗೂ ಅಪಾಯ ಗುಡ್ಡದಷ್ಟು.”

ಗುರುಶಾಂತಪ್ಪ ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟ. ಹೂಂ ಅನ್ನಬೇಕೆಂದು ಎದೆ ಹೇಳುತ್ತಿದೆ. ಬಾಯಿಗೆ ಬೀಗ. ಆ ಬೀಗದ ಹೆಸರೇನು, ನಿಮಗೆ ಗೊತ್ತು. ಹೇಳಿ ನೋಡೋಣ? ಹಾಂ, ಅಹಂಕಾರ!

ಆಗ ಯಾರು ಮಾತಾಡಿದರು? ಆ ಮನೆಯಲ್ಲಿ ಮಾವನ ಎದುರು ಎಂದೂ ದನಿ ತೆಗೆಯದವಳು. ಸೊಸೆ ದಾನೇಶ್ವರಿ. ಕೂಸನ್ನು ಎದೆಗವಚಿಕೊಂಡು ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

“ಮಾವಾರ, ನಿಮ್ಮ ಮಾತು ಇವತ್ತಿನತನಕ ಮೀರಿಲ್ಲ ನಾನು. ಇವತ್ತ ಮೀರತೀನಿ. ನಿಮ್ಮ ಮರ್ಯಾದಿ ಆಮ್ಯಾಲ ನೋಡಿಕೊಳ್ಳೋಣು. ಹಾದಿ ಬಿಡ್ರಿ. ಡಾಕ್ಟರ್, ನಾ ಇವನ ತಾಯಿ. ನಾ ಹೂಂ ಅಂತೀನಿ. ಸ್ಕ್ಯಾನ್ ಮಾಡ್ರಿ.”

ತಾಯಿ ಅಂದರೆ ಇವಳು! ಆ ದನಿ ಕೇಳಿ ಕಾರಿಡಾರಿನಲ್ಲಿದ್ದ ನೆಂಟರು ಗೋಡೆಗೆ ಸರಿದರು. ಗುರುಶಾಂತಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತ. ಸೋತದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರೋ ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ ಆಯಿತು ಅವನಿಗೆ.

ಸ್ಕ್ಯಾನ್ ಕೋಣೆಯ ಬಾಗಿಲಿಗೆ ಬಂದರು. ಬೀಗರು, ನೆಂಟರೂ ಹಿಂದೆಯೇ ನುಗ್ಗಿದರು. ಒಬ್ಬನಂತೂ ವಿಡಿಯೋ ಮಾಡಲು ಮೊಬೈಲು ಮೇಲೆತ್ತಿದ್ದ. ಮಷಿನ್ ನಡೆಸುವ ರಾಚಪ್ಪ ಎರಡೂ ಕೈ ಅಡ್ಡ ಹಿಡಿದ. “ಎಲ್ಲಾರೂ ಹೊರಗ! ಕಿರಣ ಬಿಡೂ ಮುಂದ ಒಳಗ ಮಂದಿ ನಿಲ್ಲಂಗಿಲ್ಲ. ಕೂಸಿನ ಮ್ಯಾಲ ಮಮತಾ ಇದ್ರ ಹೊರಗ ನಿಂತ ದೇವರ ನೆನೀರಿ.”

ತೂಕಡಿಸುವ ಮಗು ನಡುನಡುವೆ ಗಾಬರಿಯಾಗಿ ಕೈಕಾಲು ಬಡಿಯುತ್ತಿತ್ತು. ಅಲುಗಾಡಿದರೆ ಚಿತ್ರ ಕೆಡುತ್ತದೆ, ಕೆಟ್ಟರೆ ಮತ್ತೆ ತೆಗೆಯಬೇಕು, ಮತ್ತೆ ತೆಗೆದರೆ ಮತ್ತೆ ಕಿರಣ. ಅದಕ್ಕೆ ಪರಿಚಯದವರೊಬ್ಬರು ಪಕ್ಕದಲ್ಲಿ ನಿಂತು ಹಿಡಿದುಕೊಳ್ಳಬೇಕಿತ್ತು. “ನಾ ಬರತೀನಿ” ಎಂದು ದಾನೇಶ್ವರಿ ಮುಂದಾದಳು. ಡಾಕ್ಟರಮ್ಮ ಅವಳ ಭುಜ ಹಿಡಿದು ಪರದೆಯ ಹಿಂದೆ ಕರೆದೊಯ್ದರು. ಮೆಲ್ಲಗೆ ಕೇಳಿದರು:

“ತಂಗಿ, ಯಾರ ಮುಂದೂ ಹೇಳಬ್ಯಾಡ, ನನಗಷ್ಟ ಹೇಳು. ಬಸರ ಆಗಿರಬಹುದೇನು?”

ದಾನೇಶ್ವರಿಯ ಕಣ್ಣು ತುಂಬಿ ಬಂತು. “ಈ ಸರ್ತಿ ಮುಟ್ಟು ನಿಂತೈತ್ರಿ. ಇನ್ನೂ ಅವರಿಗೂ ಹೇಳಿಲ್ಲ. ಆದ್ರ ಶರಣೂ ನನ್ನ ಬಿಟ್ಟ ಇರಂಗಿಲ್ರೀ...”

“ಹೊರಗಿನ ಕೂಸಿನ ಚಿಂತಿ ನನಗ ಬಿಡು. ಒಳಗಿನ ಕೂಸಿನ ಚಿಂತಿ ನೀ ಮಾಡು.”

ನೋಡಿ, ಅಷ್ಟು ಅವಸರದಲ್ಲೂ, ಒಂದು ಜೀವ ಜಾರುತ್ತಿರುವ ಹೊತ್ತಿನಲ್ಲೂ, ಇನ್ನೂ ಯಾರೂ ಕಾಣದ ಜೀವವೊಂದಿರಬಹುದೇ ಎಂದು ಕೇಳಿದರಲ್ಲ, ಇದಕ್ಕೆ ದಯೆ ಅನ್ನದೆ ಏನನ್ನೋಣ? ಹೊರಗೆ ಬಂದು ಅವರು ಹೇಳಿದ್ದು ಇಷ್ಟೇ: “ತಾಯಿ ಹೊರಗ ಇರತಾಳ. ಸಾಹುಕಾರ್ರ, ನೀವ್ ಬರ್ರಿ.” ಯಾಕೆ ಎಂದು ಹೇಳಲಿಲ್ಲ. ಗುರುಶಾಂತಪ್ಪ ಸೊಸೆಯ ಮುಖ ನೋಡಿದ, ತಿಳಿದುಕೊಂಡ, ಏನೂ ಕೇಳಲಿಲ್ಲ. ಜೀವನದಲ್ಲಿ ಅವನು ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದು ಇದ್ದೀತು.

ರಾಚಪ್ಪ ಅವನಿಗೆ ಸೀಸದ ಅಂಗಿ ತೊಡಿಸಿದ. ಕಿರಣ ತಡೆಯುವ ಅಂಗಿ, ಕೊರಳಿಂದ ಮೊಳಕಾಲಿನವರೆಗೆ, ಕಲ್ಲಿನ ಹಾಗೆ ಭಾರ. ರುಮಾಲು ತೆಗೆದಿಡಲು ಹೇಳಿದ, ತೆಗೆದಿಟ್ಟ. “ಈ ದುಂಡನ ಬಳಿಯೊಳಗ ಕೈ ಹಾಕಬ್ಯಾಡ್ರಿ, ಇಲ್ಲಿಂದ ಕಾಲ ಹಿಡೀರಿ, ಮಾತಾಡ್ಸಿಕೋತ ಇರ್ರಿ” ಅಂದ. ನಾಡಿಗೆಲ್ಲ ಹುಕುಂ ಕೊಡುವವನು ಆಗಲಿ ಆಗಲಿ ಎಂದು ತಲೆಯಾಡಿಸಿದ.

ಗಾಜಿನ ಆಚೆ ಡಾಕ್ಟರಮ್ಮ ರಾಚಪ್ಪನಿಗೆ ಹೇಳುವುದು ಕೇಳಿಸುತ್ತಿತ್ತು. “ದೊಡ್ಡವರ ಲೆಕ್ಕ ಬ್ಯಾಡ. ಕಿರಣ ಕೂಸಿನ ತೂಕಕ್ಕ ತಕ್ಕಷ್ಟ ಇಡು. ತಲಿ ಅಷ್ಟ, ಎದಿ ಹೊಟ್ಟಿ ಏನೂ ಬ್ಯಾಡ. ಒಮ್ಮೆಕ ಸರಿ ಬರಬೇಕು.”

“ಶರಣೂ,” ಅಂದ ಅಜ್ಜ. ಪುಟ್ಟ ಕಾಲು ಹಿಡಿದುಕೊಂಡ. “ನಾ ಇಲ್ಲೆ ಅದೀನಿ. ಅಲಗಾಡಬ್ಯಾಡಪಾ, ನನ್ನ ಬಂಗಾರಾ. ಅಜ್ಜ ಇಲ್ಲೆ ಅದಾನ.”

ಮಗು ಕಣ್ಣು ತೆರೆದು ಅಜ್ಜನ ಬರಿದಲೆ ನೋಡಿತು, ಸುಮ್ಮನೆ ಮಲಗಿತು. ಮಂಚ ಸರಿಯಿತು. ಯಂತ್ರ ಗುಂಯ್ ಅಂದಿತು. ಮುಗಿಯಿತು. ಅಷ್ಟೇ! ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ.

ಚಿತ್ರ ಪರದೆಯ ಮೇಲೆ ಮೂಡಿತು. ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. ತಲೆಬುರುಡೆಯ ಒಳಗೆ, ಮೆದುಳಿನ ಮೇಲೆ, ಬಿಳಿ ಮಸೂರದ ಹಾಗೆ ಒಂದು ಕಲೆ. ರಕ್ತ. ಇನ್ನೂ ಚಿಕ್ಕದು, ಬೆಳೆಯುತ್ತಿರುವುದು.

“ಹುಬ್ಬಳ್ಳಿಗೆ ಒಯ್ಯಬೇಕು. ಅಲ್ಲೆ ತಲಿ ಆಪರೇಷನ್ ಮಾಡೋರು ಅದಾರ. ನಾ ಈ ಚಿತ್ರ ಈಗ ಕಳಸ್ತೀನಿ. ಅವರು ಮತ್ತ ಸ್ಕ್ಯಾನ್ ಮಾಡೂ ಕೆಲಸ ಇಲ್ಲ, ಹೊತ್ತೂ ಉಳೀತೈತಿ, ಕೂಸಿಗೆ ಇನ್ನೊಮ್ಮೆ ಕಿರಣನೂ ತಪ್ಪತೈತಿ. ನೀವ್ ಮುಟ್ಟೂದ್ರಾಗ ಅವರು ತಯಾರ ಇರತಾರ. ಹೋಗ್ರಿ.”

ಆಂಬುಲೆನ್ಸ್ ಓಡಿತು. ಅದೇ ರಸ್ತೆ, ಹಳೆಯ ಗುಮಾಸ್ತನ ಉಸಿರು ನಿಂತ ರಸ್ತೆ. ಆದರೆ ವ್ಯತ್ಯಾಸ ಏನು? ಆ ದಿನ ರೋಗ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈ ದಿನ ರೋಗದ ಗುರುತು ರೋಗಿಗಿಂತ ಮುಂಚೆ ಹುಬ್ಬಳ್ಳಿ ಮುಟ್ಟಿತ್ತು. ಸ್ಟ್ರೆಚರ್ ಇಳಿಸಿದ ಕೂಡಲೇ ಆಪರೇಷನ್ ಕೋಣೆಗೇ ಒಯ್ದರು. ಗುರುಶಾಂತಪ್ಪ ಹೊರಗೆ ನೆಲದ ಮೇಲೆ ಕುಳಿತ. ಕುರ್ಚಿ ಖಾಲಿ ಇದ್ದವು, ಕುಳಿತುಕೊಳ್ಳಲು ಮನಸ್ಸು ಬರಲಿಲ್ಲ. ಶಿವನನ್ನು ಬೇಡಿದ. ಅಂದು ಅವನು ಬೇಡಿದ್ದರಲ್ಲಿ ತನ್ನ ಹೆಸರು ಎಲ್ಲೂ ಇರಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸರ್ಜನ್ ಹೊರಗೆ ಬಂದರು, ಮುಖದ ಮಾಸ್ಕ್ ಇಳಿಸಿದರು. ನಗುತ್ತಿದ್ದರು!

“ಬದುಕಿದ. ಯಾವ ಡಾಕ್ಟರ್ ಸ್ಕ್ಯಾನ್ ಮಾಡಿಸಿದ್ರೋ ಅವರಿಗೆ ಕೈ ಮುಗೀರಿ. ಸಂಜಿಮಟ ನೋಡೋಣು ಅಂತ ಕುಂತಿದ್ರ ಕಷ್ಟ ಇತ್ತು.”

ದಾನೇಶ್ವರಿ ಅಲ್ಲೇ ಕುಸಿದು ಕುಳಿತು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಗುರುಶಾಂತಪ್ಪ ಸೊಸೆಯ ಮುಂದೆ ಬಂದು ನಿಂತ. “ನೀ ಇವತ್ತ ನನ್ನ ಮಾತ ಮೀರಿದ್ದಕ್ಕ ನನ್ನ ಮನಿತನ ಉಳೀತು, ತಾಯಿ” ಅಂದ. ಸೊಸೆಯನ್ನು ತಾಯಿ ಎಂದು ಕರೆದ!

ಕೆಲವು ವಾರಗಳಾದ ಮೇಲೆ ಶರಣು ಊರಿಗೆ ಬಂದ. ತಲೆಯ ಮೇಲೆ ಕೂದಲು ಈಗಷ್ಟೇ ಹುಟ್ಟುತ್ತಿತ್ತು, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಗಿರಣಿಯ ಹಮಾಲರು ಹಲಗೆ ಬಾರಿಸುತ್ತ ಊರ ಅಗಸಿ ಬಾಗಿಲವರೆಗೆ ಬಂದರು. ಹೆಣ್ಣುಮಕ್ಕಳು ಆರತಿ ಬೆಳಗಿದರು. ಜನ ಮನೆಯತ್ತ ಹೊರಟರೆ ಸಾಹುಕಾರ, “ಮನಿ ಆಮ್ಯಾಲ” ಎಂದು ಮೆರವಣಿಗೆಯನ್ನು ಆಸ್ಪತ್ರೆಯತ್ತ ತಿರುಗಿಸಿದ. ಅಂಗಳದಲ್ಲಿ ಡಾಕ್ಟರಮ್ಮನನ್ನು ಕರೆಸಿ, ಎಲ್ಲರ ಮುಂದೆ ಕೈಮುಗಿದ.

“ಊರ ಮಂದಿ ಕೇಳ್ರಿ! ಇದು ವಿಷ ಅಂತ ಡಾಕ್ಟರ್ ಹೇಳ್ಯಾರ ಅಂದೆ. ಸುಳ್ಳ. ಅವರು ಹಂಗ ಅಂದಿದ್ದಿಲ್ಲ. ನನ್ನ ಮುಖ ಉಳಿಸಿಕೊಳ್ಳಾಕ ನಾ ಹುಟ್ಟಿಸಿದ ಮಾತದು. ನನ್ನ ಮಾತ ನಂಬಿ ಯಾರ್‍ಯಾರು ಎಕ್ಸ್‌ರೇ ಬಿಟ್ಟೀರಿ, ಇವತ್ತ ಹೋಗ್ರಿ. ದುರ್ಗಪ್ಪಾ, ಎಲ್ಲಿ ಅದೀ? ಬಾ, ನಡಿ, ನಾನ ಕರಕೊಂಡ ಹೊಕ್ಕೀನಿ.”

ದುರ್ಗಪ್ಪನ ಎದೆಯ ಎಕ್ಸ್‌ರೇ ಅಂದೇ ಆಯಿತು. ಕ್ಷಯ ಸಿಕ್ಕಿತು. ಸಿಕ್ಕಿದ್ದರಿಂದ ಔಷಧಿ ಸಿಕ್ಕಿತು, ಔಷಧಿಯಿಂದ ಆ ಮನುಷ್ಯ ಮತ್ತೆ ಚೀಲ ಹೊರುವಂತಾದ.

ಅದೇ ಗುಂಪಿನಲ್ಲಿ ಬೀಗರೊಬ್ಬರು ಮುಂದೆ ಬಂದು, “ಅಷ್ಟ ದೂರಿಂದ ಬಂದೇವಿ, ಕೂಸಿಂದು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿಬಿಡ್ರಿ, ನಮಗೂ ಸಮಾಧಾನ” ಅಂದರು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಗುರುಶಾಂತಪ್ಪ ಹೇಳಿದ: “ಸಮಾಧಾನ ನಮಗ, ಕಿರಣ ಕೂಸಿಗೇನು? ಹುಡುಗ ಓಡತಾನ, ಉಣತಾನ, ಜಗಳಾಡತಾನ. ಡಾಕ್ಟರ್ ನೋಡಿ ಬೇಕಂದ್ರ ಆ ದಿನ ನಾನ ಎತ್ತಿಕೊಂಡ ಬರತೀನಿ. ಇವತ್ತ ಬ್ಯಾಡ.” ಆವತ್ತು ಡಾಕ್ಟರಮ್ಮ ನಕ್ಕದ್ದನ್ನು ಆ ಊರಿನವರು ಮೊದಲ ಸಲ ನೋಡಿದರಂತೆ. ಮುಂದೆ ದಾನೇಶ್ವರಿ ಹೆಣ್ಣು ಹೆತ್ತಳು. ತುಂಬು ಆರೋಗ್ಯದ ಕೂಸು. ತೊಟ್ಟಿಲಿಗೆ ಹಾಕುವ ದಿನ ಮೊದಲು ತೂಗಿದವರು ಶಾಹೀನ್ ಡಾಕ್ಟರಮ್ಮ.

ಈಗ ಕಥೆ ಬಿಡಿ, ನಿಮ್ಮ ಕಡೆ ಬರುತ್ತೇನೆ. ಆ ಸಾಹುಕಾರ ಬೇರೆ ಊರಿನವನು ಎಂದು ನೀವು ಸಮಾಧಾನದಿಂದ ಕುಳಿತಿದ್ದೀರಿ. ಬೇರೆ ಊರಿನವನೇ? ಸೊಂಟ ಹಿಡಿಯಿತು, ತಲೆ ನೋಯಿತು, ಡಾಕ್ಟರು ನಾಡಿ ಹಿಡಿದು ನೋಡಿ ಗುಳಿಗೆ ಬರೆದುಕೊಟ್ಟರೆ, “ಇವರೇನ್ ಡಾಕ್ಟರ್ರೀ, ಒಂದು ಸ್ಕ್ಯಾನೂ ಬರೀಲಿಲ್ಲ” ಎಂದು ಆಚೆ ಬಂದು ಬೈದವರು ಯಾರು? ಮಗ ಒಂದು ಸಲ ಕೆಮ್ಮಿದ್ದಕ್ಕೆ ಎಕ್ಸ್‌ರೇ ತೆಗೆಯಿರಿ ಎಂದು ಹಟ ಹಿಡಿದವರು ಯಾರು? ಇನ್ನು ಕೆಲವರು ಅದರ ತಿರುವುಮುರುವು. ಡಾಕ್ಟರು ಬೇಕೇ ಬೇಕು ಎಂದು ಬರೆದುಕೊಟ್ಟರೂ, ಯಾರೋ ಮೊಬೈಲಿನಲ್ಲಿ ಕಳಿಸಿದ ಮಾತು ನಂಬಿ ಹೆದರಿ ಮನೆಯಲ್ಲೇ ಉಳಿಯುತ್ತೀರಿ. ಹಟ ಹಿಡಿದು ಪಡೆಯುವುದೂ ದಡ್ಡತನ, ಹೆದರಿ ಬಿಡುವುದೂ ದಡ್ಡತನ.

ಹಾಗಾದರೆ ಏನು ಮಾಡಬೇಕು? ಬಾಯಿ ತೆರೆದು ಕೇಳಬೇಕು. “ಡಾಕ್ಟರ್, ಇದು ಯಾಕೆ ಬೇಕು? ಇದರಿಂದ ನನ್ನ ಚಿಕಿತ್ಸೆ ಏನು ಬದಲಾಗುತ್ತದೆ? ಕಿರಣವಿಲ್ಲದ ಬೇರೆ ದಾರಿ ಇದೆಯೇ?” ಎಂದು ಗೌರವದಿಂದ ಕೇಳಿ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾರೆ. ಹಿಂದೆ ತೆಗೆಸಿದ ಎಕ್ಸ್‌ರೇ, ಸ್ಕ್ಯಾನು ಇದ್ದರೆ ಕೈಯಲ್ಲಿ ಹಿಡಿದು ಹೋಗಿ. ಅವುಗಳನ್ನು ಅಟ್ಟದ ಮೇಲೆ ಎಸೆದು, ಹೊಸದು ತೆಗೆಸಿಕೊಳ್ಳಬೇಡಿ. ಹೆಣ್ಣುಮಕ್ಕಳೇ, ಮುಟ್ಟು ನಿಂತಿದ್ದರೆ, ಬಸುರಿಯಿರಬಹುದು ಎಂಬ ಸಣ್ಣ ಅನುಮಾನವಿದ್ದರೂ, ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ಹೇಳಿಬಿಡಿ. ಅತ್ತೆ ಇದ್ದಾರೆ, ಮಾವ ಇದ್ದಾರೆ ಎಂದು ನಾಚಬೇಡಿ. ನಾಚಿಕೆ ದೊಡ್ಡದೋ ಕೂಸು ದೊಡ್ಡದೋ? ಅತ್ತೆಯಂದಿರೇ, ಸೊಸೆ ಒಬ್ಬಳೇ ಮಾತಾಡಲಿ, ನೀವು ಆಚೆ ಸರಿಯಿರಿ. ಗಂಡಸರೇ, ಒಬ್ಬರ ಎಕ್ಸ್‌ರೇಗೆ ಮನೆ ಮಂದಿಯೆಲ್ಲ ಒಳಗೆ ನುಗ್ಗಿ ಜಾತ್ರೆ ಮಾಡಬೇಡಿ. ಹೊರಗೆ ಇರಿ ಅಂದರೆ ಅದು ಅವಮಾನ ಅಲ್ಲ, ಅದು ನಿಮ್ಮ ರಕ್ಷಣೆ.

ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ, ಮೈಗೆ ತಾಗಿದ್ದೂ ಗೊತ್ತಾಗುವುದಿಲ್ಲ. ಕಾಣದ್ದರ ಜೊತೆ ನಡೆದುಕೊಳ್ಳಲು ಎರಡೇ ದಾರಿ, ಮೂಢಭಕ್ತಿ ಇಲ್ಲವೇ ಮೂಢಭಯ, ಎಂದು ಜನ ತಿಳಿಯುತ್ತಾರೆ. ಅಲ್ಲ. ಮೂರನೆಯ ದಾರಿ ಇದೆ, ತಿಳಿದು ನಡೆಯುವುದು. ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರೋ ಒಬ್ಬರು ಕೈಯಲ್ಲಿ ಚೀಟಿ ಹಿಡಿದು ಆ ಕೋಣೆಯ ಮುಂದೆ ಕುಳಿತಿರಬಹುದು. ಬೇಕೇ ಎಂದು ಒಂದು ಮಾತು ಕೇಳಿ. ಬೇಡ ಅಂದರೆ ನಗುತ್ತ ಮನೆಗೆ ಬನ್ನಿ. ಬೇಕು ಅಂದರೆ ಧೈರ್ಯದಿಂದ ಒಳಗೆ ಹೋಗಿ, ಅಲುಗಾಡದೆ ಮಲಗಿ, ಗುಣವಾಗಿ ಎದ್ದು ಬನ್ನಿ.

ಎಲ್ಲರಿಗೂ ಶರಣು ಶರಣಾರ್ಥಿ.